ಉತ್ತರಕ್ಕೆ ಮುಂಚಿನ ನೋಟ

ಅಣ್ಣ ಹೊಡೆಯುವ ಮುಂಚೆ ವಾಚ್ ಬಿಚ್ಚಿಡುತ್ತಾನೆ. ಬಲಗೈಗೆ ಕಟ್ಟುವ ಅಭ್ಯಾಸ ಅವನದು. ಮದುವೆಯಲ್ಲಿ ಮಾವ ಕೊಟ್ಟ ವಾಚು, ಗಾಜು ಒಡೆಯಬಾರದು. ಬಿಚ್ಚಿ ಫ್ರಿಜ್ ಮೇಲೆ ಇಡುತ್ತಾನೆ. ಆ ಸದ್ದಿಗೆ ಅತ್ತಿಗೆ ಗ್ಯಾಸ್ ಆರಿಸುತ್ತಾಳೆ, ನಾನು ಕನ್ನಡಕ ತೆಗೆಯುತ್ತೇನೆ. ಮೂವರಿಗೂ ಅವರವರ ಕೆಲಸ ಗೊತ್ತು.

ಅವನ ಹೆಸರು ಇಂದುಶೇಖರ. ಜನಕಪುರಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾನೆ. ಕುಡಿಯುವುದಿಲ್ಲ, ಸಿಗರೇಟ್ ಸೇದುವುದಿಲ್ಲ. ಕೆಳಮನೆಯ ಆಂಟಿ ಅವನನ್ನು ‘ಬಡೇ ಶರೀಫ್’, ತುಂಬ ಮರ್ಯಾದಸ್ಥ, ಅನ್ನುತ್ತಾಳೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತುಮಕೂರಿನ ಹಾಸ್ಟೆಲಿನಿಂದ ತಂಗಿಯಾದ ನನ್ನನ್ನು ದೆಹಲಿಗೆ ಕರೆಸಿ ಎಂ.ಎ. ಓದಿಸಿದವನು ಅವನೇ. ಅದನ್ನು ಮರೆಯಲು ಒಂದು ದಿನವೂ ಬಿಟ್ಟವನಲ್ಲ.

ಜನವರಿಯಲ್ಲಿ ಅತ್ತಿಗೆ ಉಷಾ ಗೀಸರ್ ಆರಿಸಲು ಮರೆತಳು. ಎಡಗಿವಿಯ ಮೇಲೆ ಒಂದೇ ಏಟು. ರಕ್ತ ಕತ್ತಿನವರೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ, “ಬಾತ್‌ರೂಮ್ ಮೇ ಫಿಸಲ್ ಗಯೀ” ಎಂದಳು, ಜಾರಿಬಿದ್ದೆ ಎಂದು. ಆಗಿನಿಂದ ಯಾರು ಮಾತಾಡಿದರೂ ಬಲಗಿವಿ ತಿರುಗಿಸುತ್ತಾಳೆ. ಎಡಕ್ಕೆ ಕೂದಲು ಇಳಿಬಿಟ್ಟು ಬಾಚುತ್ತಾಳೆ. ಅವಳ ಅಮ್ಮ ಫೋನ್ ಮಾಡಿ ‘ಇವತ್ತೇನು ಅಡಿಗೆ’ ಎಂದು ಕೇಳಿದರೆ, ಮೊದಲು ಅಣ್ಣನ ಮುಖ ನೋಡುತ್ತಾಳೆ, ಆಮೇಲೆ ಹುಳಿ ಎನ್ನುತ್ತಾಳೆ.

ನಾನು ಲಕ್ಷ್ಮೀ ನಗರದ ಒಂದು ಕೋಚಿಂಗಿನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಬಿಟ್ಟುಹೋಗಲು ದೆಹಲಿಯೊಳಗಿನ ಜಾಗ ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಮ್ಮೆ ಮುಖರ್ಜಿ ನಗರದ ಪಿಜಿಗೆ ಹೋಗಿದ್ದೆ. ಸಂಜೆಯೊಳಗೆ ಅಣ್ಣ ಬಂದು, ವಾರ್ಡನ್ ಎದುರಿಗೆ ಕೈಮುಗಿದು ಕಣ್ಣೀರು ಹಾಕಿ, ಮೆಟ್ಟಿಲ ತಿರುವಿನಲ್ಲಿ ನನ್ನ ತಲೆಯನ್ನು ಗೋಡೆಗೆ ಜಜ್ಜಿ ಕರೆತಂದ. ಅದಕ್ಕೇ ಹೊರದೇಶದ ಶಾಲೆಗಳಿಗೆ ಅರ್ಜಿ ಹಾಕಿದೆ. ಪಾಸ್‌ಪೋರ್ಟ್ ಕೋಚಿಂಗಿನ ಡ್ರಾಯರಿನಲ್ಲಿ ಬೀಗದೊಳಗೆ ಇತ್ತು.

ಫೆಬ್ರವರಿಯ ಕೊನೆಯಲ್ಲಿ ಎರಡು ಆಫರ್ ಒಟ್ಟಿಗೆ ಬಂದವು.

ಒಂದು ವಿಯೆಟ್ನಾಮಿನ ಭಾಷಾ ಕೇಂದ್ರ. ಸಂಬಳ ಜಾಸ್ತಿ, ಟಿಕೆಟ್ ಅವರದೇ, ಮುಂದಿನ ವಾರವೇ ಹೊರಡಬಹುದು. ವರ್ಕ್ ಪರ್ಮಿಟ್ ಅಲ್ಲಿಗೆ ಬಂದಮೇಲೆ ನೋಡೋಣ ಎಂದಿದ್ದರು. ಇನ್ನೊಂದು ಥಾಯ್ಲೆಂಡಿನ ಹಳ್ಳಿಗಾಡಿನ ಸರ್ಕಾರಿ ಶಾಲೆ. ಸಂಬಳ ಕಡಿಮೆ, ಸೇರುವುದು ಮೇ ತಿಂಗಳಲ್ಲಿ. ಪೊಲೀಸ್ ಕ್ಲಿಯರೆನ್ಸ್ ಬೇಕೇ ಬೇಕು. ಅಂದರೆ ಠಾಣೆಯಿಂದ ಒಬ್ಬ ಮನೆಗೆ ಬರುತ್ತಾನೆ, ಹುಡುಗಿಯ ಮೇಲೆ ಕೇಸು ಇದೆಯೇ, ನಡತೆ ಹೇಗೆ ಎಂದು ಮನೆಯವರನ್ನು ಕೇಳುತ್ತಾನೆ. ಮನೆಯವರು ಅಂದರೆ ಅಣ್ಣ.

ವಿಯೆಟ್ನಾಮಿಗಾದರೆ ಹೇಳದೆ ಹೋಗಬಹುದು. ಥಾಯ್ಲೆಂಡಿಗಾದರೆ ಅವನಿಗೆ ಗೊತ್ತಾಗಿ, ಅದಾದ ಮೇಲೂ ಮೇ ತನಕ ಅದೇ ಮನೆಯಲ್ಲಿ ಇರಬೇಕು. ಲೆಕ್ಕ ಸುಲಭವಾಗಿತ್ತು. ವಿಯೆಟ್ನಾಮಿಗೆ ಹೂಂ ಎಂದು ಬರೆಯುವ ಮುಂಚೆ, ಅಲ್ಲಿ ಈಗ ಕಲಿಸುತ್ತಿರುವ ಒಬ್ಬರ ಹತ್ತಿರ ಮಾತಾಡಬೇಕು ಎಂದು ಕೇಳಿದೆ. ಎಲ್ಲರೂ ಕೇಳುತ್ತಾರೆ, ಅದು ಈ ಕೆಲಸದ ಪದ್ಧತಿ.

ಮಧ್ಯಾಹ್ನ ಎರಡು ಬ್ಯಾಚ್‌ಗಳ ನಡುವೆ ಖಾಲಿ ಕ್ಲಾಸಿನಲ್ಲಿ ಕೂತು ವಿಡಿಯೋ ಕಾಲ್ ಮಾಡಿದೆ. ಮ್ಯಾನೇಜರ್ ಮೊದಲು ಬಂದ. ಬಿಳಿ ಶರ್ಟು, ಒಳ್ಳೆಯ ನಗು. “ಪಾಸ್‌ಪೋರ್ಟ್ ಬಂದ ದಿನವೇ ಆಫೀಸಿಗೆ ಕೊಡಬೇಕು, ಕಳೆದುಕೊಂಡರೆ ನಿಮಗೇ ಕಷ್ಟ” ಎಂದ. ಆಮೇಲೆ ಒಬ್ಬ ಟೀಚರನ್ನು ಕೂರಿಸಿದ. ಫಿಲಿಪ್ಪೀನ್ಸಿನ ಹುಡುಗಿ, ನನ್ನದೇ ವಯಸ್ಸು.

“ಮಕ್ಕಳು ಹೇಗೆ?”

ಅವಳು ಕ್ಯಾಮೆರಾದ ಪಕ್ಕಕ್ಕೆ ನೋಡಿದಳು. “ತುಂಬ ಒಳ್ಳೆಯವರು.”

“ಭಾನುವಾರ ರಜೆ ಇರುತ್ತದಾ?”

ಮತ್ತೆ ಪಕ್ಕಕ್ಕೆ. “ಇರುತ್ತದೆ. ನಾನು ತುಂಬ ಖುಷಿಯಾಗಿದ್ದೇನೆ.”

ಅವಳ ಕೂದಲು ಎಡಕ್ಕೆ ಇಳಿಬಿದ್ದಿತ್ತು. ಬರೆದುಕೊಂಡಿದ್ದ ಪ್ರಶ್ನೆಗಳನ್ನು ಬಿಟ್ಟು ಕೇಳಿದೆ: “ಇವತ್ತು ತಿಂಡಿ ಏನು ತಿಂದೆ?”

ಅವಳು ಪಕ್ಕಕ್ಕೆ ನೋಡಿದಳು.

ಏನು ತಿಂದೆ ಅನ್ನುವುದಕ್ಕೂ! ಕೊನೆಗೆ ‘ನೂಡಲ್ಸ್’ ಎಂದಳು. ನಾನು ಥ್ಯಾಂಕ್ಸ್ ಹೇಳಿ ಕಾಲ್ ಕಟ್ ಮಾಡಿದೆ. ಅವಳ ನಂಬರ್ ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮರುದಿನ ಥಾಯ್ಲೆಂಡಿನ ಶಾಲೆಯವರು ಅನೀಶ್ ಎಂಬವನ ನಂಬರ್ ಕೊಟ್ಟು, ನಿಮ್ಮ ದೇಶದವನೇ, ಬೇಕಾದಾಗ ಮಾತಾಡಿ ಎಂದರು. ಅವನು ಮಂಗಳೂರಿನವನು. ಬಾಯ್ತುಂಬ ಅನ್ನ ಇಟ್ಟುಕೊಂಡೇ ಫೋನ್ ಎತ್ತಿದ.

“ಎಂತ ಹೇಳುದು ಮಾರಾಯ್ತಿ, ಒಂದೊಂದು ಕ್ಲಾಸಲ್ಲಿ ನಲವತ್ತೈದು ಪಿಳ್ಳೆಗಳು. ಫ್ಯಾನ್ ಹಾಳು. ಹೆಡ್‌ಮಾಸ್ಟ್ರು ಒಂದು ಪೀಡೆ. ಬೆಳಿಗ್ಗೆ ಗೇಟಲ್ಲಿ ನಿಂತು ನಾವು ಎಲ್ಲರಿಗೂ ನಮಸ್ಕಾರ ಹೇಳ್ಬೇಕಂತೆ!”

“ಅವರ ಎದುರಿಗೇ ಬೈತೀಯಾ?”

“ಇಲ್ಲೇ ಪಕ್ಕದಲ್ಲಿ ಕೂತು ಉಣ್ತಾ ಇದ್ದಾನೆ. ಕನ್ನಡ ಅರ್ಥ ಆಗುದಿಲ್ಲ ಅಂತ ಬೈಯುದಲ್ಲ, ಇಂಗ್ಲಿಷಲ್ಲೂ ಹೇಳಿದ್ದೇನೆ. ಸ್ಟಾಫ್ ಮೀಟಿಂಗಲ್ಲೇ.”

“ಹೇಳಿದ್ದಕ್ಕೆ ಏನು ಮಾಡಿದ್ರು?”

“ಎಂತ ಮಾಡುದು? ಫ್ಯಾನ್ ರಿಪೇರಿಗೆ ಬರೆದಿದ್ದೇನೆ ಅಂದ. ಇನ್ನೂ ಆಗ್ಲಿಲ್ಲ.”

ಅಷ್ಟು ಸಾಕಾಗಿತ್ತು. ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಥಾಯ್ಲೆಂಡಿಗೆ ಒಪ್ಪಿಗೆ ಕಳಿಸಿದೆ. ವಿಯೆಟ್ನಾಮಿನವರು ಟಿಕೆಟ್ ರೆಡಿ, ಟಿಕೆಟ್ ರೆಡಿ ಎಂದು ಮೆಸೇಜ್ ಮಾಡುತ್ತಲೇ ಇದ್ದರು. ಪೊಲೀಸ್ ಕ್ಲಿಯರೆನ್ಸ್‌ಗೆ ಅರ್ಜಿ ಹಾಕಿದೆ. ಠಾಣೆಯವನು ವಾರದ ದಿನ ಬರಲಿ, ಅಣ್ಣ ಆಫೀಸಿನಲ್ಲಿರುವಾಗ ಬರಲಿ, ಅತ್ತಿಗೆ ಉತ್ತರ ಕೊಡಲಿ ಎಂದು ಆಸೆ ಇಟ್ಟುಕೊಂಡೆ. ಅತ್ತಿಗೆಗೂ ಹೇಳಲಿಲ್ಲ. ಅವಳನ್ನು ನಾನು ನಂಬುತ್ತಿರಲಿಲ್ಲ. ಎರಡು ಏಟು ಬಿದ್ದರೆ ಯಾರಾದರೂ ಬಾಯಿ ಬಿಡುತ್ತಾರೆ.

ಭಾನುವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ತಲೆಗೆ ಟವೆಲ್ ಸುತ್ತಿ ಹೊರಗೆ ಬಂದೆ. ವಾಚ್ ಆಗಲೇ ಫ್ರಿಜ್ ಮೇಲಿತ್ತು.

“ಠಾಣೆಯಿಂದ ಫೋನು” ಎಂದ ಅಣ್ಣ. ನನ್ನ ಮೊಬೈಲ್ ಅವನ ಕೈಯಲ್ಲಿತ್ತು. “ನಾಳೆ ಬೆಳಿಗ್ಗೆ ಬರ್ತಾರಂತೆ. ಯಾವ ದೇಶಕ್ಕೆ ಸವಾರಿ ಮೇಡಂ?”

“ಥಾಯ್ಲೆಂಡ್. ಸ್ಕೂಲ್ ಕೆಲಸ.”

“ಸ್ಕೂಲು!” ನಕ್ಕ. “ಉಷಾ, ಕೇಳಿಸ್ತಾ? ಓ, ನಿಂಗೆ ಆ ಕಡೆ ಕೇಳ್ಸಲ್ಲ ಅಲ್ವಾ. ಥಾಯ್ಲೆಂಡಂತೆ. ನಮ್ಮ ಆಫೀಸಿನ ಗಂಡಸರೆಲ್ಲ ಯಾಕೆ ಹೋಗ್ತಾರೆ ಗೊತ್ತೇನೇ ಅಲ್ಲಿಗೆ? ಇವಳು ಅಲ್ಲಿ ಎ ಬಿ ಸಿ ಡಿ ಕಲಿಸ್ತಾಳಂತೆ.”

ಅತ್ತಿಗೆ ಗ್ಯಾಸ್ ಆರಿಸಿದಳು.

ಟವೆಲಿನ ಸಮೇತ ಕೂದಲು ಹಿಡಿದು ನನ್ನನ್ನು ಅಡಿಗೆಮನೆಯ ಕಟ್ಟೆಗೆ ಒತ್ತಿದ. ಕಲ್ಲಿನ ಅಂಚು ಪಕ್ಕೆಲುಬಿಗೆ ತಾಗಿತು. ಬೆನ್ನಿಗೆ ಮೊಣಕೈಯಿಂದ ಗುದ್ದಿದ, ಒಂದು, ಇನ್ನೊಂದು. ಉಸಿರು ನಿಂತಿತು. ಕೈಗೆ ಲಟ್ಟಣಿಗೆ ಸಿಕ್ಕಿತು. ತಿರುಗಿ ಎತ್ತಿದೆ. ಅವನು ಹಿಂದೆ ಸರಿಯಲಿಲ್ಲ. ಕೆನ್ನೆ ತೋರಿಸಿದ.

“ಹೊಡಿ. ಚಲೋ, ಹೊಡಿ. ಒಂದು ಗೆರೆ ಎದ್ರೆ ಸಾಕು. ಇಲ್ಲಿಂದ ಸೀದಾ ಠಾಣೆಗೆ ಹೋಗಿ ಕಂಪ್ಲೇಂಟ್ ಬರೆಸ್ತೀನಿ. ನಾಳೆ ಅವನು ಬಂದು ಕೇಸ್ ಇದ್ಯಾ ಅಂತ ಕೇಳ್ತಾನೆ. ಇದೆ ಸಾರ್ ಅಂತೀನಿ. ಹೋಗು ಆಮೇಲೆ ಥಾಯ್ಲೆಂಡಿಗೆ.”

ಲಟ್ಟಣಿಗೆ ಕೆಳಗಿಟ್ಟೆ. ಅವನು ಹೇಳಿದ್ದು ನಿಜವಾಗಿತ್ತು. ನನ್ನ ಹೆಸರಿನಲ್ಲಿ ಒಂದು ದೂರು ಬಿದ್ದರೆ ಎಲ್ಲ ಮುಗಿಯಿತು. ಎತ್ತಿದ ಕೈಯನ್ನು ನಾನೇ ಇಳಿಸಿದ್ದು ನೋಡಿ ಅವನಿಗೆ ಹೊಸ ಆಟಿಕೆ ಸಿಕ್ಕಂತಾಯಿತು.

“ಜಾಣೆ. ಮುಖಕ್ಕೆ ಬೇಡ, ನಾಳೆ ಪೊಲೀಸ್ ಬರ್ತಾನೆ” ಎಂದು ತನಗೆ ತಾನೇ ಹೇಳಿಕೊಂಡ. “ಬೋರ್ಡ್ ಮೇಲೆ ಯಾವ ಕೈಯಲ್ಲಿ ಬರೀತೀಯ?”

ಉತ್ತರ ಅವನಿಗೆ ಗೊತ್ತಿತ್ತು. ಬಲಗೈ ತಿರುಚಿ ರೂಮಿಗೆ ಎಳೆದುಕೊಂಡು ಹೋದ. ಕಬ್ಬಿಣದ ಬೀರುವಿನ ಬಾಗಿಲು ತೆರೆದು, ನನ್ನ ಬೆರಳುಗಳನ್ನು ಸಂದಿಯಲ್ಲಿಟ್ಟು, ಬಾಗಿಲನ್ನು ಒತ್ತಿದ. ಒಮ್ಮೆಲೇ ಅಲ್ಲ, ನಿಧಾನಕ್ಕೆ, ಜ್ಯೂಸ್ ಹಿಂಡುವ ಭಯ್ಯಾನ ಹಾಗೆ. ಕಿರುಬೆರಳಲ್ಲಿ ಏನೋ ಚಟ್ ಎಂದಿತು. ನಾನು ಕಿರುಚಿದೆ. ಕೆಳಮನೆಯ ಟಿವಿಯ ಸದ್ದು ಜೋರಾಯಿತು. ಆಂಟಿ ಯಾವಾಗಲೂ ಹಾಗೇ ಮಾಡುತ್ತಾಳೆ.

“ಹೋಗಲ್ಲ ಅನ್ನು.”

ಅನ್ನಲಿಲ್ಲ. ಅವನು ಬಾಗಿಲ ಅಂಚನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ಮೈಭಾರ ಹಾಕಲು ಕಾಲು ಊರಿದ.

ಅತ್ತಿಗೆ ಒಳಗೆ ಬಂದದ್ದು ನನಗೆ ಕಾಣಲಿಲ್ಲ. ಕಬ್ಬಿಣದ ದೋಸೆ ಹೆಂಚು ಅವನ ಮಣಿಕಟ್ಟಿನ ಮೇಲೆ ಬಿದ್ದ ಸದ್ದು ಮಾತ್ರ ಕೇಳಿಸಿತು. ಅದು ಲೋಹದ ಸದ್ದಾಗಿರಲಿಲ್ಲ, ಹಸಿ ಕಬ್ಬು ಮುರಿದ ಹಾಗಿತ್ತು. ಬಾಗಿಲು ಸಡಿಲವಾಯಿತು. ಅವನು ಬಾಯಿ ತೆರೆದು ಕೈ ನೋಡಿಕೊಳ್ಳುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಬಿತ್ತು. ಈ ಸಲ ಎರಡೂ ಕೈಯಿಂದ ಹಿಡಿದು, ಬಟ್ಟೆ ಒಗೆಯುವವರ ಹಾಗೆ ಮೇಲಿನಿಂದ ಬೀಸಿದ್ದಳು. ಅವನು ಮಂಡಿಯೂರಿ ಕೂತ. ಮೂರನೆಯದು ಭುಜಕ್ಕೆ. ಅದರ ಅಗತ್ಯ ಇರಲಿಲ್ಲ.

“ನಿನ್ನನ್ನ... ನಿನ್ನ ಮೇಲೆ ಕಂಪ್ಲೇಂಟ್...” ಎಂದ. ವಾಂತಿ ಬಂದವನಂತೆ ಬಿಕ್ಕುತ್ತಿದ್ದ.

“ಕೊಡ್ರಿ” ಎಂದಳು ಅತ್ತಿಗೆ. ಅವಳ ದನಿ ಏರಲಿಲ್ಲ. “ನಾನೆಲ್ಲಿಗೂ ಹೋಗ್ತಿಲ್ವಲ್ಲ. ನಂಗ್ಯಾವ ಸರ್ಟಿಫಿಕೇಟೂ ಬೇಡ. ಹೆಂಡ್ತಿ ದೋಸೆ ಹೆಂಚಲ್ಲಿ ಕೈ ಮುರಿದ್ಲು ಅಂತ ಬರೆಸ್ರಿ. ಆಫೀಸಿನವರಿಗೂ ಒಂದು ಕಾಪಿ ಕೊಡ್ರಿ.”

ಅವನು ಅವಳನ್ನು ನೋಡಿದ. ಅವಳು ಹೆಂಚನ್ನು ಕೆಳಗಿಡಲಿಲ್ಲ.

ಮೂವರೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅವನ ಮಣಿಕಟ್ಟು ಎರಡು ಕಡೆ ಮುರಿದಿತ್ತು. ನನ್ನ ಕಿರುಬೆರಳಿಗೆ ಪಟ್ಟಿ ಕಟ್ಟಿದರು. ಏನಾಯಿತು ಎಂದು ಡಾಕ್ಟರ್ ಕೇಳಿದಾಗ ಅತ್ತಿಗೆಯೇ ಹೇಳಿದಳು: “ಬಾತ್‌ರೂಮ್ ಮೇ ಫಿಸಲ್ ಗಯೇ.” ಡಾಕ್ಟರ್ ನನ್ನ ಬೆರಳು ನೋಡಿದರು. “ಇನ್ಕೋ ಪಕಡ್ನೇ ಗಯೀ ಥೀ” ಎಂದಳು, ಇವರನ್ನು ಹಿಡಿಯಲು ಹೋಗಿದ್ದಳು ಎಂದು.

“ಆಪ್‌ಕಾ ಬಾತ್‌ರೂಮ್ ಠೀಕ್ ಕರ್ವಾಓ”, ರಿಪೇರಿ ಮಾಡಿಸಿ ಎನ್ನುತ್ತ ಬರೆದುಕೊಂಡರು ಡಾಕ್ಟರ್.

ವಾಪಸು ಬಂದಮೇಲೆ ಅಡಿಗೆಮನೆಯಲ್ಲಿ ಅವಳ ಬಲಗಿವಿಯ ಹತ್ತಿರ ನಿಂತು ಥ್ಯಾಂಕ್ಸ್ ಎಂದೆ.

“ನಿಂಗೋಸ್ಕರ ಅಂದ್ಕೋಬೇಡ” ಎಂದಳು. “ನೀನು ಯಾವತ್ತಾದ್ರೂ ನಂಗೋಸ್ಕರ ಬಂದಿದ್ಯಾ? ಗೀಸರ್ ದಿನ ಕನ್ನಡಕ ತೆಗೆದು ಕೂತಿದ್ದೆ. ಥಾಯ್ಲೆಂಡ್ ವಿಷ್ಯಾನೂ ನಂಗೆ ಹೇಳ್ಲಿಲ್ಲ.”

“ಮತ್ಯಾಕೆ ಹೊಡೆದೆ?”

“ಕಿವಿ ನೋಯ್ತಿತ್ತು.”

ಈರುಳ್ಳಿ ಹೆಚ್ಚಲು ಹೋದೆ. ಒಂದು ಬೆರಳಿಲ್ಲದೆ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಠಾಣೆಯವನು ಬಂದ. ಮಧ್ಯವಯಸ್ಸಿನ ಹರಿಯಾಣದ ಮನುಷ್ಯ. ಸೋಫಾದಲ್ಲಿ ಕೂತು, ಬೂಟು ಒರೆಸಿಕೊಂಡು, ಚಹಾ ತೆಗೆದುಕೊಂಡ. ನನ್ನ ಫೋಟೋ ನೋಡಿದ, ನನ್ನನ್ನು ನೋಡಿದ. ಆಮೇಲೆ ಅಣ್ಣನ ಪ್ಲಾಸ್ಟರ್ ನೋಡಿದ.

“ಅರೆ ಸಾಬ್, ಯೇ ಕ್ಯಾ ಹುಆ?”

“ಬಾತ್‌ರೂಮ್ ಮೇ” ಎಂದ ಅಣ್ಣ. “ಫಿಸಲ್ ಗಯಾ.”

“ಅಚ್ಛಾ. ಲಡ್ಕೀ ಕೇ ಊಪರ್ ಕೋಯೀ ಕೇಸ್? ಕೋಯೀ ಝಗಡಾ?” ಹುಡುಗಿಯ ಮೇಲೆ ಕೇಸು, ಜಗಳ ಏನಾದರೂ ಇದೆಯೇ ಎಂದು.

ಅಣ್ಣನ ಬಾಯಿ ತೆರೆಯಿತು. ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು. ಬೇರೇನೂ ಮಾಡಲಿಲ್ಲ.

ಅಣ್ಣ ಪಕ್ಕಕ್ಕೆ, ಅವಳ ಕಡೆ ನೋಡಿದ.

“ನಹೀಂ” ಎಂದ. “ಕೋಯೀ ನಹೀಂ. ಅಚ್ಛೀ ಲಡ್ಕೀ ಹೈ.” ಒಳ್ಳೆಯ ಹುಡುಗಿಯಂತೆ ನಾನು.

ಠಾಣೆಯವನು ಮೊಬೈಲಿನಲ್ಲಿ ಏನೋ ಒತ್ತಿ, ಸಹಿ ತೆಗೆದುಕೊಂಡು, ಎರಡು ಬಿಸ್ಕತ್ತು ತಿಂದು ಹೋದ. ನಾನು ಪಟ್ಟಿ ಕಟ್ಟಿದ ಕೈಯಲ್ಲೇ ವಿಯೆಟ್ನಾಮಿಗೆ ‘ಬರುವುದಿಲ್ಲ’ ಎಂದು ಬರೆದು ಕಳಿಸಿದೆ.

“ಪ್ಲಾಸ್ಟರ್ ಬಿಚ್ಚಿದ ಮೇಲೆ?” ಎಂದು ಅತ್ತಿಗೆಯನ್ನು ಕೇಳಿದೆ.

“ಆಗ ನೀನಿರಲ್ಲ.”

“ನೀನಿರ್ತೀಯಲ್ಲ.”

“ಇರ್ತೀನಿ” ಎಂದಳು.

ಸಂಜೆ ಅವಳ ಅಮ್ಮನ ಫೋನ್ ಬಂತು. ಬಲಗಿವಿಗೆ ಮೊಬೈಲ್ ಒತ್ತಿಕೊಂಡು, ಹೆಂಚಿನ ಮೇಲೆ ನೀರು ಚಿಮುಕಿಸುತ್ತ, ಯಾರನ್ನೂ ನೋಡದೆ, ದೋಸೆ ಎಂದಳು. ಅಣ್ಣ ಊಟದ ಮೇಜಿನಲ್ಲಿ ಕೂತು ಎಡಗೈಯಲ್ಲಿ ತಿಂದ. ವಾಚ್ ಇನ್ನೂ ಫ್ರಿಜ್ ಮೇಲೇ ಇತ್ತು. ಯಾರೂ ಅದನ್ನು ತೆಗೆದು ಅವನಿಗೆ ಕೊಡಲಿಲ್ಲ.