ಎದೆ ಆಪರೇಷನ್

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಕೊರಟ್ಗೆರೆ ತುಮ್ಕೂರ್, ಕೊರಟ್ಗೆರೆ ತುಮ್ಕೂರ್" ಎಂದು ಮುತ್ತುರಾಜು ಕೂಗಿದರೆ ಬೆಟ್ಟದ ಮೇಲಿನ ಕೋತಿಗಳೂ ಇಳಿದು ಬಂದು ಸೀಟು ಹಿಡಿಯಬೇಕು ಎಂದು ಡ್ರೈವರ್ ರೇಣುಕಯ್ಯ ತಮಾಷೆ ಮಾಡುತ್ತಿದ್ದ. ಅಂಥ ಗಂಟಲು. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲೆ ಖಾಸಗಿ ಬಸ್ಸಿನ ಕಂಡಕ್ಟರು ಅಷ್ಟಾದರೂ ಕೂಗದಿದ್ದರೆ ಖಾಲಿ ಬಸ್ಸು ಹೊರಡಿಸಬೇಕಾಗುತ್ತದೆ. ಆದರೆ ಯುಗಾದಿ ಕಳೆದಾಗಿನಿಂದ ಆ ಗಂಟಲಿನಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಹೊರಗೂ ಬರದು, ಒಳಗೂ ಇಳಿಯದು.

ಒಂದು ದಿನ ಬೆಳಿಗ್ಗೆ ನಾಗರತ್ನಮ್ಮ ಎಂದಿನಂತೆ ಹೂವಿನ ಪುಟ್ಟಿ ಎತ್ತಿಕೊಂಡು ಹತ್ತಿದಳು. ಕೊರಟಗೆರೆಯಲ್ಲಿ ಹೂ ಮಾರುವವಳು. ಸರ್ಕಾರಿ ಬಸ್ಸು ಬರುವ ಹೊತ್ತಿಗೆ ಹೂವು ಬಾಡುತ್ತದೆಂದು ದುಡ್ಡು ಕೊಟ್ಟು ಇದೇ ಬಸ್ಸಿಗೆ ಬರುತ್ತಿದ್ದಳು. ಟಿಕೆಟ್ ಹರಿಯಲು ಹೋದವನನ್ನು ತಡೆದು ಮೆಲ್ಲಗೆ ಕೇಳಿದಳು.

"ನಿಮ್ಮಮ್ಮಂಗೆ ಎದೆ ಆಪರೇಷನ್ ಅಂತೆ, ನಿಜವೇನಪ್ಪ?"

"ಹೂಂ ಕಣಕ್ಕ."

"ಎದೆ ಅಂದ್ರೆ?"

"ಹಾರ್ಟು."

"ಮೊದ್ಲು ಏನಾಗ್ತಿತ್ತು ಆಯಮ್ಮಂಗೆ? ಹೆಂಗೆ ಗೊತ್ತಾಯ್ತು?"

ಹಾರ್ಟಿನ ವಿಷಯ ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಮುತ್ತುರಾಜು ಒಪ್ಪಿಸಿಬಿಟ್ಟ. "ಉಸಿರು ಕಟ್ಟೋದು. ಎಡಗೈ ಜೋಮು ಹಿಡಿಯೋದು. ನಾಕು ಮೆಟ್ಲು ಹತ್ತಿದ್ರೆ ಸುಸ್ತು."

"ಗಂಟು ಗಿಂಟು ಏನೂ ಇರ್ಲಿಲ್ವಾ?"

ಮುತ್ತುರಾಜುವಿನ ಕೈ ನಿಂತಿತು. ಇವಳಿಗೆ ಯಾರೋ ಹೇಳಿದ್ದಾರೆ, ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾಳೆ ಎಂದುಕೊಂಡ. "ಹಾರ್ಟು ಅಂತ ಹೇಳ್ಲಿಲ್ವೇನಕ್ಕ, ಗಂಟೆಲ್ಲಿಂದ ಬಂತು?" ಎಂದು ಸ್ವಲ್ಪ ಗಡುಸಾಗಿಯೇ ಅಂದ.

"ಅಂಗಾದ್ರೆ ಸದ್ಯ ಬುಡು" ಎಂದು ನಾಗರತ್ನಮ್ಮ ಉಸಿರು ಬಿಟ್ಟು, ಪುಟ್ಟಿಯನ್ನು ಎಡಗಡೆಯಿಂದ ಬಲಗಡೆಗೆ ಬದಲಾಯಿಸಿಕೊಂಡು ಕೂತಳು. ಮುತ್ತುರಾಜುವಿಗೂ ಸದ್ಯ ಪಾರಾದೆ ಅನ್ನಿಸಿತು.

ಅವನ ತಾಯಿ ಲಕ್ಷ್ಮಕ್ಕ ಹುಣಸೆಹಣ್ಣು ಬಿಡಿಸುವ ಕೂಲಿಯವಳು. ಗಂಡ ಸತ್ತ ಮೇಲೆ ಹಣ್ಣು ಕುಟ್ಟಿ ಬೀಜ ತೆಗೆದೇ ಮಗನನ್ನು ಸಾಕಿದ್ದಳು. ಹಿಂದಿನ ದೀಪಾವಳಿಯ ಹೊತ್ತಿಗೆ ಅವಳ ಎಡ ಮೊಲೆಯಲ್ಲಿ ಹುಣಸೆಬೀಜದಷ್ಟು ಗಂಟೊಂದು ಕೈಗೆ ಸಿಕ್ಕಿತ್ತು. ನೋವಿಲ್ಲದ್ದರಿಂದ ಸುಮ್ಮನಿದ್ದಳು. ಅದು ಬೆಳೆಯುತ್ತ ಹೋದಾಗ ಮಗನಿಗೆ "ಎದೇಲಿ ಏನೋ ಒಂಥರಾ ಕಣಪ್ಪ" ಅಂದಳು. ಅವನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ "ಎದೆನೋವು ಸಾರ್" ಅಂದ. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಲಕ್ಷ್ಮಕ್ಕ ಸೆರಗು ಬಿಗಿಹಿಡಿದು ನಟ್ಟನಡುವೆ ಬೆರಳಿಟ್ಟು ತೋರಿಸಿದಳು. ಗ್ಯಾಸಿನ ಮಾತ್ರೆ ಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಹೋದಾಗ ಇಸಿಜಿ ಮಾಡಿ, ಹಾರ್ಟು ಚೆನ್ನಾಗಿದೆ ಎಂದರು. ತಾಯಿ ಮಗ ಇಬ್ಬರೂ ಖುಷಿಯಿಂದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದರು.

ಯುಗಾದಿಯ ಎಣ್ಣೆಸ್ನಾನಕ್ಕೆ ಅತ್ತೆಯ ಮೈಗೆ ಎಣ್ಣೆ ಹಚ್ಚುವಾಗ ಸೊಸೆ ಮಂಗಳಾಳ ಕೈಗೆ ಗಂಟು ಸಿಕ್ಕಿತು. ಮಾರನೇ ದಿನವೇ ತುಮಕೂರಿನ ಆಸ್ಪತ್ರೆಗೆ ಹೋದರು. ಸೂಜಿ ಚುಚ್ಚಿ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು.

"ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ಎದೆನೋವು ಅಂತ ತೋರಿಸ್ತಾನೇ ಇದ್ವಿ ಮೇಡಂ."

ಡಾಕ್ಟರಮ್ಮ ಅವನನ್ನೇ ನೋಡಿದರು. "ಎದೆ ಅಂದ್ರೆ ಯಾರಿಗೆ ಏನು ಅರ್ಥ ಆಗ್ಬೇಕು? ಕಂಕುಳಿಗೂ ಸ್ವಲ್ಪ ಹರಡಿರೋ ಹಾಗಿದೆ. ಆಪರೇಷನ್ ಮಾಡಿ ಆ ಮೊಲೆ ತೆಗೀಬೇಕು. ಗುಣ ಆಗೋ ಸಾಧ್ಯತೆ ಚೆನ್ನಾಗೇ ಇದೆ, ಆದರೆ ಇನ್ನು ತಡ ಮಾಡಬಾರದು."

ತಡ ಮಾಡಬಾರದು ಎಂದವರೇ ಕಾಯಲು ಹೇಳಿದರು. ಲಕ್ಷ್ಮಕ್ಕನ ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕಿತ್ತು. ಕೊಟ್ಟ ತಾರೀಖು ಒಂದು ಸಲ ಮುಂದಕ್ಕೂ ಹೋಯಿತು. ಆ ಕಾಯುವ ದಿನಗಳಲ್ಲಿ ಮುತ್ತುರಾಜು ಹೆದರಿದಷ್ಟು ಜನ್ಮದಲ್ಲಿ ಯಾವತ್ತೂ ಹೆದರಿರಲಿಲ್ಲ. ಅಮ್ಮ ಒಂದು ಸಲ ಕೆಮ್ಮಿದರೆ ಅದು ಎದೆಗೂಡಿಗೆ ಇಳಿಯಿತೇನೋ ಎನ್ನುವ ಭಯ. ಬೆನ್ನು ನೋವು ಅಂದರೆ ಬೆನ್ನಿಗೆ ಹರಡಿತೇನೋ ಎನ್ನುವ ಭಯ. ಅನ್ನ ಕಡಿಮೆ ಉಂಡರೂ ಭಯ, ನಗುನಗುತ್ತ ಮಾತಾಡಿದರೂ ಭಯ. ಜೇಬಿನಲ್ಲಿ ಫೋನು ಅಲುಗಿದರೆ ಆಸ್ಪತ್ರೆಯವರೇ ಇರಬೇಕೆಂದು ಭಯ. ಒಳಗೆ ಅದು ದಿನದಿನವೂ ಬೆಳೆಯುತ್ತಿದೆ, ನಾವು ಕ್ಯಾಲೆಂಡರ್ ನೋಡುತ್ತ ಕೂತಿದ್ದೇವೆ ಅನ್ನಿಸಿದಾಗ ತುಮಕೂರಿನವರಿಗೆ ಕೊರಟಗೆರೆ ಟಿಕೆಟ್ಟು ಹರಿದು ಬೈಸಿಕೊಂಡದ್ದೂ ಉಂಟು.

ಅಷ್ಟು ಭಯವನ್ನೂ ಅವನು ಯಾರ ಮುಂದೆಯೂ ಆಡುವ ಹಾಗಿರಲಿಲ್ಲ. ಊರಿಗೆಲ್ಲ ಹೇಳಿದ್ದು ಎದೆ ಆಪರೇಷನ್. ಕೇಳಿದವರು ಹಾರ್ಟು ಎಂದುಕೊಂಡರು. ಅವನೂ ಹೂಂ ಎಂದ. ಹಾರ್ಟು ಮರ್ಯಾದೆಯ ಕಾಯಿಲೆ. ಜನ ಸೇಬು ತಂದು, ಸ್ಟೆಂಟಿನ ರೇಟು ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ಲಕ್ಷ್ಮಕ್ಕನೂ ಮಗ ಕಲಿಸಿಕೊಟ್ಟಂತೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು.

ನಿಜ ಗೊತ್ತಿದ್ದ ಹೊರಗಿನವನೆಂದರೆ ಹೊಳವನಹಳ್ಳಿಯಲ್ಲಿದ್ದ ಲಕ್ಷ್ಮಕ್ಕನ ಅಣ್ಣ ಓಬಳಯ್ಯ ಒಬ್ಬನೇ. ಅವನು ಒಂದು ದಿನ ಬಂದು ಅಳಿಯನನ್ನು ಹಿತ್ತಲಿಗೆ ಕರೆದ.

"ನೋಡ್ಲಾ, ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ. ನಿನ್ ಮಗಳು ರಮ್ಯಶ್ರೀ ಬೆಳೆದು ನಿಂತವ್ಳೆ. ಈ ಕಾಯಿಲೆ ತಾಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬರ್ತದೆ ಅಂತ ಜನ ಅಂತಾರೆ. ನಾಳೆ ಹೆಣ್ಣು ನೋಡಕ್ಕೆ ಬರೋರು ಏನಂದ್ಕೊತಾರೆ? ಹಾರ್ಟು ಅಂದಿದ್ದೀಯ, ಹಾರ್ಟು ಅಂತ್ಲೇ ಇರ್ಲಿ."

"ಆಪರೇಷನ್ ಆದ್ಮೇಲೆ ಗೊತ್ತಾಗಲ್ವಾ ಮಾವ?"

"ಒಂದಷ್ಟು ದಿನ ಆಚೆ ಕಳಿಸ್ಬೇಡ. ಸೆರಗಿದ್ಯಲ್ಲ."

ಓಬಳಯ್ಯ ತಂಗಿಯನ್ನು ಪ್ರಾಣದಂತೆ ನೋಡಿಕೊಂಡವನು. ಆ ಮಾತಾಡುವಾಗ ಅವನ ಕಣ್ಣಲ್ಲೂ ನೀರಿತ್ತು. ಮುತ್ತುರಾಜು ಎದುರಾಡಲಿಲ್ಲ. ಮಾವ ಹೇಳಿದ್ದೇ ಅವನ ಮನಸ್ಸಿನಲ್ಲೂ ಇತ್ತು.

ಸಕ್ಕರೆ ಇಳಿಯಿತು. ತಾರೀಖು ಗೊತ್ತಾಯಿತು. ಹೊರಡಲು ಇನ್ನೆರಡು ದಿನವಿದೆ ಎನ್ನುವಾಗ, ಸಂಜೆ ಡ್ಯೂಟಿ ಮುಗಿಸಿ ಬಂದವನಿಗೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಲಕ್ಷ್ಮಕ್ಕ ತಲೆ ಎತ್ತದೆ ಹೇಳಿದಳು.

"ನಾ ಬರಲ್ಲ ಕಣಪ್ಪ."

"ಎಲ್ಲಿಗಮ್ಮ?"

"ಆಸ್ಪತ್ರೆಗೆ. ಇದ್ದಷ್ಟು ದಿನ ಇರ್ತೀನಿ, ಇಂಗೇ ಹೋಗ್ಬುಡ್ತೀನಿ."

ಮುತ್ತುರಾಜು ಅವಳ ಮುಂದೆಯೇ ಕೂತ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಬೇಡಿಕೊಂಡ. ಮಂಗಳಾ ಒಳಗಿನಿಂದ ಬಂದು ಅತ್ತೆಯ ಪಕ್ಕ ಕೂತು ಕೈ ಹಿಡಿದುಕೊಂಡಳು. "ಕತ್ತರಿಸ್ತಾರೆ ಅಂತ ಭಯಾನಾ ಅತ್ತೆ?"

"ಭಯ ಐತೆ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಅದ್ಕಲ್ಲ." ಲಕ್ಷ್ಮಕ್ಕ ಮಗನ ಕಡೆ ತಿರುಗಿದಳು. "ಹಾರ್ಟ್ ಆಪರೇಷನ್ ಆದೋಳು ಒಂದ್ ಕಡೆ ಚಪ್ಪಟೆಯಾಗಿ ಬಂದ್ರೆ ಜನಕ್ಕೆ ಕಣ್ಣಿಲ್ವಾ? ಸಾಯೋಗಂಟ ಸೆರಗು ಬಿಗಿ ಹಿಡ್ಕೊಂಡು, ಉಸ್ರು ಕಟ್ತದೆ ಅಂತ ನಾಟಕ ಆಡ್ಕೊಂಡು ಬದುಕ್ಬೇಕಾ? ನಾನೇನು ಕದ್ದಿದ್ದೀನಾ? ಹೆತ್ತ ಮಗನೇ ಹೇಳಕ್ಕೆ ನಾಚ್ಕೊಳ್ಳೋವಂಥ ಕಾಯಿಲೆ ಇಟ್ಕೊಂಡು ನಾನು ಯಾರ್ಗೆ ಬೇಕಾಗಿ ಬದುಕ್ಲಿ?"

"ಅಂಗಲ್ಲಮ್ಮ..."

"ಇನ್ನೆಂಗೆ? ಮೊಲೆಹಾಲು ಅಂತ ಊರೆಲ್ಲ ಅಂತದೆ. ನೀನೂ ಕುಡಿದೇ ಬೆಳ್ದಿದ್ದು. ಆ ಮಾತಲ್ಲಿ ಹಾಲು ಬುಟ್ರೆ ಉಳಿಯೋದು ಅಷ್ಟು ಕೆಟ್ಟ ಮಾತಾ?"

ಮುತ್ತುರಾಜು ತಲೆ ತಗ್ಗಿಸಿದ. ಮೊರದಲ್ಲಿ ಅಮ್ಮ ಬಿಡಿಸಿ ಹಾಕಿದ ಬೀಜಗಳು ಕಪ್ಪಗೆ ಹೊಳೆಯುತ್ತಿದ್ದವು. ಇಷ್ಟೇ ಇತ್ತು ಮೊದಲು, ನೋವಿರಲಿಲ್ಲ ಎಂದು ಅಮ್ಮ ತುಮಕೂರಿನ ಡಾಕ್ಟರಮ್ಮನಿಗೆ ಹೇಳಿದ್ದು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ದನಿ ಕಿವಿಯಲ್ಲಿ ಕೇಳಿಸಿತು. ಗಂಟು ಗಿಂಟು ಏನೂ ಇರ್ಲಿಲ್ವಾ?

ನಾಗರತ್ನಕ್ಕ ಬಾಯಿ ಬಿಡಿಸಲು ಕೇಳಿದ್ದಲ್ಲ. ತನಗೋಸ್ಕರ ಕೇಳಿದ್ದಳು. ಗಂಟಿಲ್ಲ, ಉಸಿರು ಕಟ್ಟುವುದು ಎಂದು ಇವನು ಹೇಳಿದ್ದಕ್ಕೆ ಸದ್ಯ ಅಂದಿದ್ದಳು. ಎಡಗಡೆ ಪುಟ್ಟಿ ತಾಗಿಸದೆ ಬಲಗಡೆಗೆ ಇಟ್ಟುಕೊಂಡಿದ್ದಳು. ಮರ್ಯಾದೆಗೆಂದು ಆಡಿದ ಸುಳ್ಳನ್ನು ನಂಬಿ ಆ ಹೆಂಗಸು ನೆಮ್ಮದಿಯಾಗಿ ಹೂ ಮಾರಿಕೊಂಡಿದ್ದಾಳೆ. ಅಮ್ಮ ಇಸಿಜಿ ಮಾಡಿಸಿಕೊಂಡು ನೆಮ್ಮದಿಯಾಗಿ ದೋಸೆ ತಿಂದ ಹಾಗೆ.

"ಬಾಮ್ಮ" ಅಂದ. "ನೀನು ಬಾ. ಯಾರು ಕೇಳಿದ್ರೂ ನಾನೇ ಹೇಳ್ತೀನಿ. ಇದ್ದಿದ್ದು ಇದ್ದಂಗೆ."

ಲಕ್ಷ್ಮಕ್ಕ ಅವನನ್ನು ನಂಬಿದಂತೆ ಕಾಣಲಿಲ್ಲ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದು ಮತ್ತೆ ಹೇಳಲೂ ಇಲ್ಲ.

ಹೊರಡುವ ದಿನ ಅವಳು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ತುಮಕೂರಿನವರೆಗೆ ಮುತ್ತುರಾಜುವೇ ಕಂಡಕ್ಟರು, ಅಲ್ಲಿಂದ ಬೇರೆಯವನು ಬಸ್ಸು ಹತ್ತಿಕೊಳ್ಳುತ್ತಾನೆ ಎಂದು ಓನರ್ ಒಪ್ಪಿದ್ದ. ಮಂಗಳಾ ಮನೆಗೆ ಬೀಗ ಹಾಕಿ ಮಧ್ಯಾಹ್ನ ಬಂದು ಸೇರಬೇಕಿತ್ತು. ಲಕ್ಷ್ಮಕ್ಕನ ಮುಖ ಒಣಗಿತ್ತು. ಬಸ್ಸು ಹೊರಡುವ ಮೊದಲೇ ಇಳಿದುಬಿಡುತ್ತಾಳೇನೋ ಎಂದು ಮುತ್ತುರಾಜು ಬಾಗಿಲು ಬಿಟ್ಟು ಕದಲಲಿಲ್ಲ. ನಾಗರತ್ನಮ್ಮ ಬಂದು ಅಮ್ಮನ ಹಿಂದಿನ ಸೀಟಿನಲ್ಲಿ ಕೂತು ಕೊರಟಗೆರೆಗೆ ಟಿಕೆಟ್ ಪಡೆದಳು. ಪುಟ್ಟಿ ಬಲಗಡೆಗೇ ಇತ್ತು. ಅವಳಿಗೊಬ್ಬಳಿಗೇ ಗುಟ್ಟಾಗಿ ಹೇಳಿಬಿಡಲೇ ಎಂದು ಯೋಚಿಸಿದ. ಗುಟ್ಟಾಗಿ ಹೇಳಿದರೆ ಮತ್ತೆ ಅದೂ ಗುಟ್ಟೇ ಆಗುತ್ತದೆ ಅನ್ನಿಸಿತು.

ಬಸ್ಸು ಊರು ದಾಟಿದ ಮೇಲೆ, ನಿವೃತ್ತ ಮೇಷ್ಟ್ರು ಮರುಳಸಿದ್ದಯ್ಯ ಸೀಟಿನಿಂದ ಬಗ್ಗಿ ಜೋರಾಗಿ ಕೇಳಿದರು. ಅವರಿಗೆ ಕಿವಿ ಸ್ವಲ್ಪ ಮಂದ. "ಏನಪ್ಪ ಮುತ್ತುರಾಜು, ಇವತ್ತೇನಾ ಅಮ್ಮನ ಹಾರ್ಟ್ ಆಪರೇಷನ್? ಸ್ಟೆಂಟೋ ಬೈಪಾಸೋ?"

ಲಕ್ಷ್ಮಕ್ಕ ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುತ್ತುರಾಜುವಿನ ಕಣ್ಣ ಮುಂದೆ ಮಗಳ ಮುಖ ಬಂತು, ಮಾವನ ಮುಖ ಬಂತು. ಅಮ್ಮ ತಿರುಗಿ ನೋಡಲಿಲ್ಲ. ಆದರೆ ಅವಳು ಕಿವಿಗೊಟ್ಟಿದ್ದಾಳೆಂದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಹಾರ್ಟ್ ಅಲ್ಲ ಸಾರ್" ಅಂದ.

"ಆಂ? ಏನಂದೆ?"

ಆಗ ಊರುಗಳ ಹೆಸರು ಕೂಗುವ ಅದೇ ಗಂಟಲಿನಲ್ಲಿ ಹೇಳಿದ. "ಹಾರ್ಟ್ ಅಲ್ಲ ಸಾರ್. ನಾನು ಸುಳ್ಳು ಹೇಳಿದ್ದೆ. ನಮ್ಮಮ್ಮಂಗೆ ಮೊಲೆ ಕ್ಯಾನ್ಸರ್. ಉಸಿರು ಕಟ್ತಿರ್ಲಿಲ್ಲ, ಕೈ ಜೋಮು ಹಿಡೀತಿರ್ಲಿಲ್ಲ. ಹುಣಸೆಬೀಜದಷ್ಟು ಗಂಟಿತ್ತು, ನೋವೇ ಇರ್ಲಿಲ್ಲ. ಹೇಳಕ್ಕೆ ನಾಚ್ಕೊಂಡು ತಡ ಮಾಡ್ಬುಟ್ವಿ. ಇವತ್ತು ಅಡ್ಮಿಟ್ ಮಾಡ್ತೀವಿ, ನಾಳೆ ತೆಗೀತಾರೆ."

ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು. ಯಾರೋ ಹಿಂದಿನಿಂದ ಥೂ ಅಂದಂತೆ ಕೇಳಿಸಿತು. ಅದು ನಿಜವೋ ತನ್ನ ಭಯವೋ ಮುತ್ತುರಾಜುವಿಗೆ ತಿಳಿಯಲಿಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಲಕ್ಷ್ಮಕ್ಕನ ಕಡೆ ತಿರುಗಿ, "ನಮ್ಮ ಅತ್ತಿಗೆಗೂ ಅದೇ ಆಗಿತ್ತಮ್ಮ. ನಾವೂ ಯಾರಿಗೂ ಹೇಳ್ಲಿಲ್ಲ. ಆಸ್ಪತ್ರೆಗೂ ಹೋಗ್ಲಿಲ್ಲ. ನೀನು ಹೋಗ್ತಿದ್ದೀಯಲ್ಲ, ಒಳ್ಳೇದಾಗ್ಲಿ" ಎಂದರು.

ಲಕ್ಷ್ಮಕ್ಕ ಕಂಬಿಯಿಂದ ಕೈ ತೆಗೆದಳು. ಬಹಳ ದಿನಗಳ ಮೇಲೆ ಬೆನ್ನು ಒರಗಿಸಿ ಕೂತಳು. ಮಗ ಹತ್ತಿರ ಬಂದಾಗ ಅವನ ಕಡೆ ನೋಡದೆಯೇ, "ಅಷ್ಟು ಜೋರಾಗಿ ಕೂಗ್ತಾರೇನ್ಲಾ" ಅಂದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

ಭಯವೇನೂ ಹೋಗಿರಲಿಲ್ಲ. ನಾಳೆ ಆ ಬಾಗಿಲಿನೊಳಗೆ ಅಮ್ಮನನ್ನು ತಳ್ಳಿಕೊಂಡು ಹೋಗುತ್ತಾರೆ, ತಾನು ಹೊರಗೆ ನಿಂತಿರಬೇಕು, ಏನಾಗುತ್ತದೋ ಯಾರಿಗೆ ಗೊತ್ತು.

ಕೊರಟಗೆರೆ ಬಂತು. ಜನ ಇಳಿದರು, ಜನ ಹತ್ತಿದರು. ನಾಗರತ್ನಮ್ಮ ಮಾತ್ರ ಪುಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು.

"ಕೊರಟ್ಗೆರೆ ಬಂತು ಕಣಕ್ಕ."

ಅವಳು ಹೂವಿನ ಪುಟ್ಟಿಯನ್ನು ಸೀಟಿನ ಕೆಳಕ್ಕೆ ತಳ್ಳಿದಳು. ಬಿಳಿಚಿಕೊಂಡ ಮುಖ ಎತ್ತಿ, "ತುಮಕೂರಿಗೆ ಒಂದು ಟಿಕೆಟ್ ಕೊಡಪ್ಪ" ಅಂದಳು.

ಲಕ್ಷ್ಮಕ್ಕ ಹಿಂದಕ್ಕೆ ತಿರುಗಿ ಅವಳನ್ನು ನೋಡಿದಳು. ಬಟ್ಟೆಯ ಚೀಲ ಎತ್ತಿಕೊಂಡು, ಕಿಟಕಿಯ ಕಡೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.