ಮೂರನೇ ತೂತು

ಡ್ರಿಲ್ಲಿನ ಮೊನೆಯಿಂದ ಸುರುಳಿ ಸುರುಳಿಯಾಗಿ ಏಳುವ ಅಲ್ಯೂಮಿನಿಯಂ ಚೂರು, ಹೊಳೆದು ಮೇಜಿನ ಮೇಲೆ ಉದುರುತ್ತದೆ, ಇದು ಮೂರನೇ ತೂತು, ಶ್ರೀಕಂಠಯ್ಯ ಮೇಷ್ಟ್ರು ಎಣಿಸಿಕೊಂಡರು — ಗಿಟಾರಿನ ದನಿ ಬದಲಿಸುವ ಈ ಅಂಗೈಯಗಲದ ಡಬ್ಬಿಗೆ ಎರಡು ತೂತು ಮೊದಲೇ ಇವೆ, ಒಂದರಲ್ಲಿ ಗಿಟಾರಿನಿಂದ ಒಳಗೆ, ಇನ್ನೊಂದರಲ್ಲಿ ಸ್ಪೀಕರಿಗೆ ಹೊರಗೆ, ಬರುವುದಕ್ಕೂ ಹೋಗುವುದಕ್ಕೂ ದಾರಿ ಇರುವಾಗ ಮೂರನೆಯದು ಯಾರಿಗೆ? ಪಾಂಡವಪುರದ ಲೋಕೇಶನ ಈ ರಿಪೇರಿ ಅಂಗಡಿಗೆ ಸುದರ್ಶನ ತನ್ನನ್ನು ಯಾಕೆ ಕರೆತಂದ? ಮಾವ, ಸುಮ್ನೆ ಬನ್ನಿ, ಹೋಗಿ ಬಂದ್ಬಿಡೋಣ, ಅಂದ ಬೆಳಿಗ್ಗೆ, ತಂಗಿಯ ಮಗ, ಗಿಟಾರ್ ನುಡಿಸುವವನು, ಹೆಲ್ಮೆಟ್ಟನ್ನೂ ತಾನೇ ತೊಡಿಸಿದ, ಶ್ರೀರಂಗಪಟ್ಟಣದಿಂದ ಇಲ್ಲಿಯವರೆಗೆ ಗುಂಡಿ ಕಂಡಲ್ಲೆಲ್ಲ ಬೈಕು ನಿಧಾನ ಮಾಡಿದ, ಅತಿ ವಿನಯ ಧೂರ್ತ ಲಕ್ಷಣ. ಇದ್ಯಾತಕ್ಕಪ್ಪ ಲೋಕೇಶ? ಕಾಲ್ ಪೆಡಲ್ ಸಿಗ್ಸಕ್ಕೆ ಮೇಷ್ಟ್ರೇ, ಈಗ ದನಿ ಏರ್ಸಕ್ಕೆ ಇಳ್ಸಕ್ಕೆ ಕೈಲಿ ಈ ನಾಬ್ ತಿರುಗಿಸ್ಬೇಕಲ್ವಾ, ಇಲ್ಲಿ ಪಿನ್ ಚುಚ್ಬುಟ್ರೆ ನಾಬು ಸುಮ್ಕಾಗೋಯ್ತದೆ, ಕೆಲ್ಸೆಲ್ಲ ಕಾಲಿಗೋಯ್ತದೆ. ಕಾಲಿನಿಂದ ದನಿ ಏರಿಸುವುದು? ಅದು ತನ್ನ ವಿದ್ಯೆಯಲ್ಲವೆ, ಮೂವತ್ತೆಂಟು ವರ್ಷ ಪೌರಾಣಿಕ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸಿದ ವಿದ್ಯೆ, ಬೆರಳು ಸ್ವರ ಹಿಡಿದರೆ ಉಸಿರು ಕೊಡುವುದು ಕಾಲು, ರಂಗದ ಮೇಲೆ ನಟನಿಗೆ ಪದ್ಯದ ಕೊನೆಯಲ್ಲಿ ದಮ್ಮು ಸಾಲದಾದರೆ ಕೆಳಗಿನಿಂದ ಒಂದು ತುಳಿತ ಹೆಚ್ಚು ಕೊಟ್ಟು ಅವನನ್ನು ದಡ ಮುಟ್ಟಿಸುವುದು, ಅದನ್ನು ಈ ಹುಡುಗ ಒಂದು ತೂತು ಕೊರೆಸಿ ಕದಿಯುತ್ತಾನೆಯೇ?

ಹೋದ ತಿಂಗಳು ಕೆ.ಆರ್. ಪೇಟೆಯ ನಾಟಕದಲ್ಲಿ, ಬಲಗೈಯ ಎರಡು ಬೆರಳು ಸೆಟೆದುಕೊಂಡು ಸ್ವರ ತಪ್ಪಿತ್ತು, ರಾಜನ ವೇಷದ ಪುಟ್ಟಸ್ವಾಮಿ ಕಿರೀಟದಡಿಯಿಂದ ಒಮ್ಮೆ ಕೆಳಗೆ ನೋಡಿ ಹಾಡು ಮುಂದುವರಿಸಿದ, ಆಮೇಲೆ ಯಾರೂ ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ಹೆದರಿಕೆ, ಬೈದಿದ್ದರೆ ಜಾಗ ಉಳಿಯುತ್ತಿತ್ತು. ಕೈ ಎಂಗದೆ ಮೇಷ್ಟ್ರೇ, ಅಂತ ಲೋಕೇಶ ಕೇಳಿದನೆ? ಇಲ್ಲ, ಕೈ ಕೊಡಿ ಅಂದ, ಕಾಫಿ ಲೋಟಕ್ಕೆ, ಆದರೂ ಬೆರಳು ಜುಬ್ಬಾದ ಜೇಬಿಗೆ ಓಡಿಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬೆಸುಗೆಯ ಹೊಗೆ, ರಾಳದ ವಾಸನೆ — ಮತ್ತೆ ಆ ವೈರು ಯಾಕೆ ಅಷ್ಟುದ್ದ? ಸುದರ್ಶನ ಮಾರು ಹಾಕಿ ಅಳೆಯುತ್ತಿದ್ದಾನೆ, ಐದು, ಆರು, ಅವನದೇ ಕಾಲ ಬುಡಕ್ಕಾದರೆ ಒಂದು ಮಾರು ಸಾಕು, ಆರು ಮಾರು ಅಂದರೆ ಗಿಟಾರಿನವನು ನಿಲ್ಲುವಲ್ಲಿಂದ ಹಾರ್ಮೋನಿಯಂ ಮೇಷ್ಟ್ರ ಸ್ಟೂಲಿನವರೆಗೆ, ಆ ಸ್ಟೂಲಿನಲ್ಲಿ ಯಾರನ್ನು ಕೂರಿಸುತ್ತಾನೆ?

ಮೇಷ್ಟ್ರೇ, ವಸಿ ಚಪ್ಲಿ ಬುಟ್ಟು ಈ ಪೆಡಲ್ ಮ್ಯಾಲೆ ಕಾಲಿಡಿ. ತನ್ನ ಕಾಲೇ? ಮಾವ, ಭಾನುವಾರ ನಾಗಮಂಗಲದ ನಾಟಕದಲ್ಲಿ ನಿಮ್ಮ ಜಾಗದಲ್ಲೇ ನೀವು, ನಾನು ಗಿಟಾರ್ ನುಡಿಸ್ತೀನಿ, ಉಸಿರು ನೀವು ಕೊಡಿ, ನಟರ ದಮ್ಮು ನನಗೇನು ಗೊತ್ತಾಗತ್ತೆ — ಅವನು ತಂತಿ ಮೀಟುತ್ತಾನೆ, ಪಾದ ಯಾರನ್ನೂ ಕೇಳದೆ ಒತ್ತುತ್ತದೆ, ದನಿ ಏಳುತ್ತದೆ, ಅಯ್ಯೋ ಎಷ್ಟು ಚೆನ್ನಾಗಿ ಏಳುತ್ತದೆ, ಸಂತೋಷವಾಗುತ್ತದೆ, ಮಾನಗೆಟ್ಟ ಸಂತೋಷ. ಹಾರ್ಮೋನಿಯಂ? ಅದೂ ಇರತ್ತೆ ಮಾವ, ಸುಮ್ನೆ ಮುಂದೆ ಇಟ್ಕೊಂಡಿರಿ. ಸುಮ್ನೆ. ಹಾಗಾದರೆ ಇವರಿಗೆ ಗೊತ್ತು, ಎಲ್ಲರಿಗೂ ಗೊತ್ತು, ಪುಟ್ಟಸ್ವಾಮಿಗೆ, ಲೋಕೇಶನಿಗೆ, ಹೆಲ್ಮೆಟ್ಟಿನ ಪಟ್ಟಿ ಹಾಕಿದ ಸುದರ್ಶನನ ಈ ಕೈಗೆ, ಕಾಲು ಕಾಲು ಅನ್ನುತ್ತಾರೆ, ಕೈಗೇನಾಯಿತು ಅಂತ ಒಬ್ಬರೂ ಕೇಳುವುದಿಲ್ಲ — ತನ್ನ ಬಲಗೈ ಜೇಬಿನಿಂದ ಹೊರಬಂದು ಡಬ್ಬಿಯ ನಾಬನ್ನು ಹಿಡಿಯುತ್ತದೆ, ಬಲಕ್ಕೆ ತಿರುಗಿಸುತ್ತದೆ, ದನಿ ಕದಲುವುದಿಲ್ಲ, ಎಡಕ್ಕೆ, ಕದಲುವುದಿಲ್ಲ, ಪೂರ್ತಿ ಬಲಕ್ಕೆ, ಮತ್ತೆ ಎಡಕ್ಕೆ, ಪಿನ್ನು ಚುಚ್ಚಿದೆ, ಮೂರನೇ ತೂತು, ಅದರ ಅಂಚಿನಲ್ಲಿ ಇನ್ನೂ ಉದುರದ ಒಂದು ಚೂರು, ಮೂರನೇ ತೂತು