ಶುದ್ಧ ಪರಿಮಳ

ಯೂನುಸ ಟಂಟಂ ಆಟೋದ ಹಿಂದಿನ ಸೀಟು ಬಿಚ್ಚುತ್ತಿದ್ದ. ತುಕ್ಕು ಹಿಡಿದ ಬೋಲ್ಟು ತಿರುಗಲೊಲ್ಲದು. ಪಾನಾ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು. ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಕೂತ.

“ಎಷ್ಟು ಮಂದಿ ಕುಂತಾರ್ರಿ ಸರ್ ಈ ಸೀಟಿನ ಮ್ಯಾಲ. ಸುಮ್ನ ಬಿಟ್ಟು ಬರ್ತದೇನು?” ಎಂದ.

ಬಸವಂತ್ರಾಯ ಮಾಸ್ತರ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಶಹಾಪುರದಿಂದ ತಂದ ಹೂವಿನ ಹಾರವಿತ್ತು. ಹಾರ ಹಾಕಿ, ಕೈಮುಗಿದು, ಶಾಲೆಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಡಬೇಕು ಅಂತಲೇ ಮೋಟರ್ ಸೈಕಲ್ಲನ್ನು ಓಣಿಯ ಬಾಯಲ್ಲಿ, ಡಾಂಬರು ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಬಂದಿದ್ದ.

ನಿನ್ನೆ ಸಂಜೆ ಶಹಾಪುರದ ಸ್ಟ್ಯಾಂಡಿನಲ್ಲಿ ಇದೇ ಗಾಡಿಯಲ್ಲಿ ಪಾಳಿ ಕಾಯುತ್ತ ಕೂತಿದ್ದ ಭೀಮರಾಯ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಿರಲಿಲ್ಲ. ನಿದ್ದೆ ಹತ್ತಿದೆಯೆಂದು ಹಿಂದಿನ ಗಾಡಿಯವರು ಎರಡು ಸಲ ಹಾರ್ನ್ ಹೊಡೆದರಂತೆ. ಈಗ ಗೋಗಿಯ ತನ್ನ ಮನೆಯ ಮುಂದೆ, ಪೆಂಡಾಲಿನ ನೆರಳಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಲೆಯ ಹತ್ತಿರ ಮೇಣದಬತ್ತಿ ಉರಿಯುತ್ತಿತ್ತು. ತ್ರಿಶರಣ, ಪಂಚಶೀಲ ಹೇಳಿ ಮುಗಿದಿತ್ತು. ಅವನದೇ ಗಾಡಿಯಲ್ಲಿ ಅವನನ್ನು ಒಯ್ಯಬೇಕೆಂದು ಯೂನುಸ ಮತ್ತು ಟಂಟಂ ಸ್ಟ್ಯಾಂಡಿನ ಉಳಿದ ಡ್ರೈವರುಗಳೆಲ್ಲ ಸೇರಿ ಹಟ ಹಿಡಿದಿದ್ದರು.

ಭೀಮರಾಯನ ಅಣ್ಣನ ಮಗ ಜೈಭೀಮ ಇನ್ನೊಂದು ಗಾಡಿಯ ಮೇಲೆ ಸೌಂಡ್ ಬಾಕ್ಸ್ ಕಟ್ಟಿ ವೈರು ಜೋಡಿಸುತ್ತಿದ್ದ.

“ಕಾಕಾನ ಮಣ್ಣಿಗಿ ಭೀಮಗೀತಾ ಹಚ್ಚಬ್ಯಾಡ ಅಂದ್ರ ಹ್ಯಾಂಗ ಚಿಗವ್ವಾ?”

“ಬ್ಯಾಡ ಅಂದಿಲ್ಲೋ ಯಪ್ಪಾ,” ಎಂದಳು ಲಾಲಮ್ಮ. ಗಂಡನ ತಲೆಯ ಹತ್ತಿರ ಕೂತವಳ ದನಿ ಅತ್ತು ಅತ್ತು ಒಡೆದಿತ್ತು. “ದಾರಿ ತುಂಬ ಹಚ್ಚು. ಮನಿ ಬಿಡಾಗ ಮಾತ್ರ ಅವರದು ಒಂದು ಹಚ್ಚೂನು. ನನ್ನ ಮಗಳ ಹೆಸರಿಂದು.”

“ಅದ್ಯಾವುದು ಅಂತ ಯಾರಿಗಿ ಗೊತ್ತದ? ಪೆನ್‌ಡ್ರೈವ್ ತುಂಬ ಅವಾ ಅದಾವ. ಹೆಸರಿಲ್ಲ, ಬರೀ ನಂಬರ. ಎಲ್ಲಾ ಒಂದಾ ನಮೂನಿ ಆ... ಆ... ಅಂತಾವ.”

ಯಾರೋ ಕಿಸಕ್ಕೆಂದು, ಆಮೇಲೆ ಕೆಮ್ಮಿದಂತೆ ಮಾಡಿದರು. ಲಾಲಮ್ಮ ತಲೆ ಎತ್ತಿ ಗಂಡಸರ ಗುಂಪಿನಲ್ಲಿ ಹುಡುಕಿದಳು.

“ಸರ್ ಬಂದಾರಲ್ಲ. ಸರ್‌ಗೆ ಗೊತ್ತದ. ಸರ್ ಬಿಟ್ರ ಇನ್ಯಾರಿಗಿ ಗೊತ್ತು?”

ಎಲ್ಲರೂ ತಿರುಗಿ ಬಸವಂತ್ರಾಯನ ಕಡೆ ನೋಡಿದರು. ಊರಿನ ಮೇಲಿನ ಓಣಿಯವನು ಅವನೊಬ್ಬನೇ. ಅವನಿಗಾಗಿ ಆಗಲೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದರು.

* * *

ಲಾಲಮ್ಮನಿಗೆ ಮಗಳು ಹುಟ್ಟುವ ಮೊದಲಿನ ಮಾತು. ಆಗ ಬಸವಂತ್ರಾಯ ಗೋಗಿಯಲ್ಲೇ ಇದ್ದ. ಶಹಾಪುರದ ಹೈಸ್ಕೂಲಿಗೆ ದಿನಾ ಭೀಮರಾಯನ ಟಂಟಂನಲ್ಲಿ ಹೋಗಿಬರುತ್ತಿದ್ದ. ಯಾದಗಿರಿಯಲ್ಲಿ ಕ್ಯಾಸೆಟ್ ಅಂಗಡಿಯೊಂದು ಬಾಗಿಲು ಮುಚ್ಚುವಾಗ ಉಳಿದ ಮಾಲನ್ನು ಚೀಲಕ್ಕೆ ತುಂಬಿ ಕೊಡುತ್ತಿದ್ದರಂತೆ. ಭೀಮರಾಯ ಒಂದು ಚೀಲ ಹೊತ್ತು ತಂದಿದ್ದ. ಮಳೆನೀರು ಕುಡಿದು ಮೇಲಿನ ಚೀಟಿಗಳೆಲ್ಲ ಕಿತ್ತುಹೋಗಿದ್ದವು. ಸಿನಿಮಾ ಹಾಡೆಂದು ಹಚ್ಚಿ ನೋಡಿದರೆ ಯಾರೋ ಒಬ್ಬರು ಒಂದೇ ಸಾಲನ್ನು ಹಿಡಿದು ಗಾಡಿ ಊರು ಮುಟ್ಟುವ ತನಕ ಬಿಟ್ಟಿರಲಿಲ್ಲ. ಬಂದ್ ಮಾಡಬೇಕೆಂದು ಚಾಚಿದ ಕೈ ಯಾಕೋ ಹಾಗೇ ನಿಂತಿತು ಎಂದು ಅವನೇ ಹೇಳುತ್ತಿದ್ದ. ಯಾಕೆ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

“ಏ ಭೀಮರಾಯಾ, ಯಾರಿಗೋ ಹೊಟ್ಟಿನೋವು ಬಂದದಲ್ಲೋ? ಗಾಡಿ ದವಾಖಾನಿಗಿ ಹೊಂಟದೇನು?” ಎನ್ನುತ್ತಿದ್ದಳು ಖಾಸಿಂಬೀ, ಕಾಯಿಪಲ್ಲೆಯ ಬುಟ್ಟಿಯನ್ನು ಕಾಲ ಮೇಲಿಟ್ಟುಕೊಂಡು.

“ಅಣ್ಣಾ, ಡಿಜೆ ಹಚ್ಚೋ. ನಿದ್ದಿ ಬರಾಕತ್ತದ,” ಎಂದು ಕಾಲೇಜಿನ ಹುಡುಗರು.

“ನಿದ್ದಿ ಬಂದ್ರ ಮಲಕ್ಕೋರಿ. ಶಹಾಪುರ ಬಂದ ಮ್ಯಾಲ ಎಬ್ಬಸ್ತೀನಿ.”

ಕೆನಾಲಿನ ಸೇತುವೆ ದಾಟಿದರೆ ಇಳಿಜಾರು. ಅಲ್ಲಿ ಭೀಮರಾಯ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಉರುಳಲು ಬಿಡುತ್ತಿದ್ದ. ಡೀಸೆಲ್ ಉಳಿಸುವುದಕ್ಕೆಂದು ಹೊಸಬರು ತಿಳಿಯುತ್ತಿದ್ದರು. ಆ ಗಡಗಡ ಸದ್ದು ನಿಂತ ಕೂಡಲೇ ಹಾಡು ಒಮ್ಮೆಲೇ ಹತ್ತಿರ ಬಂದು ಕೂತ ಹಾಗಾಗುತ್ತಿತ್ತು. ಹತ್ತಿಯ ಹೊಲಗಳು ಎರಡೂ ಬದಿಗೆ ಸುಮ್ಮನೆ ಸರಿಯುತ್ತಿದ್ದವು.

“ಬ್ರೇಕ್ ಹತ್ತತಾವೋ ಇಲ್ಲೋ ನೋಡ್ಕೋ! ನಿನ್ನ ಹಾಡು ಕೇಳ್ಕೋತ ಕೆನಾಲದಾಗ ಹೋಗ್ತೀವಿ,” ಎಂದು ಖಾಸಿಂಬೀ ಚೀರುತ್ತಿದ್ದಳು.

ಒಂದು ದಿನ ನಗೆಚಾಟಿಕೆ ಮಿತಿಮೀರಿತು. ಇದು ಹಾಡೇ ಅಲ್ಲ, ಯಾರೋ ಗಂಟಲು ತೊಳೆದುಕೊಳ್ಳುತ್ತಿದ್ದಾರೆ ಎಂದ ಒಬ್ಬ. ಭೀಮರಾಯನ ಕಿವಿ ಕೆಂಪಾಯಿತು. ಪಕ್ಕದಲ್ಲಿ ಕೂತಿದ್ದ ಬಸವಂತ್ರಾಯನ ಕಡೆ ತಿರುಗಿ, “ಸರ್‌ಗೆ ಕೇಳ್ರಿ. ಧಾರವಾಡದಾಗ ಓದ್ಯಾರ. ಸರ್, ಇದು ಯಾವ ರಾಗ್ರಿ?” ಎಂದ.

ಧಾರವಾಡದಲ್ಲಿ ಎಂ.ಎ. ಓದುವಾಗ ಬಸವಂತ್ರಾಯ ರೂಮಿನ ಗೆಳೆಯರ ಜೊತೆ ಕೆಲವು ಸಲ ಸಂಗೀತಕ್ಕೆ ಹೋಗಿದ್ದ. ಕಡೆಯ ಸಾಲಿನಲ್ಲಿ ಕೂತು, ಮುಂದಿನ ಸಾಲಿನವರು ತಲೆದೂಗಿದಾಗ ತಾನೂ ತೂಗಿದ್ದ. ಅದರಲ್ಲಿ ಒಂದು ಸ್ವರವೂ ಅವನಿಗೆ ತಿಳಿದಿರಲಿಲ್ಲ. ತಿಳಿದವರ ನಡುವೆ ಕೂತದ್ದಷ್ಟೇ ಇಷ್ಟವಾಗಿತ್ತು. ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಾಡಿಯ ತುಂಬ ಮುಖಗಳು ಕಾಯುತ್ತಿದ್ದವು.

“ಮಾರವಾ,” ಎಂದ. ರೇಡಿಯೋದಲ್ಲಿ ಕೇಳಿದ ಹೆಸರು.

“ಮಾರವಾ,” ಎಂದು ಭೀಮರಾಯ ಮೆಲ್ಲಗೆ ಅಂದುಕೊಂಡ. ಗಾಡಿಯಲ್ಲಿ ಯಾರೂ ಮತ್ತೆ ನಗಲಿಲ್ಲ.

ಅಂದಿನಿಂದ ಮುಂದಿನ ಸೀಟು ಸರ್ ಅವರದು. ಹಿಂದೆ ಎಷ್ಟೇ ನೂಕುನುಗ್ಗಲಿದ್ದರೂ ಅವನು ಬರುವ ತನಕ ಅಲ್ಲೊಂದು ಟವೆಲ್ ಹಾಸಿರುತ್ತಿತ್ತು. ದಿನಕ್ಕೊಂದು ರಾಗದ ಹೆಸರನ್ನು ಭೀಮರಾಯ ಕೇಳುತ್ತಿದ್ದ. ರೇಡಿಯೋದ ಹೆಸರುಗಳು ಮುಗಿದ ಮೇಲೆ ಬಸವಂತ್ರಾಯ ತಾನೇ ಹುಟ್ಟಿಸತೊಡಗಿದ.

* * *

ಲಾಲಮ್ಮ ಹೆತ್ತ ಸುದ್ದಿ ಹೇಳಿದ ದಿನ ಭೀಮರಾಯನ ಕೈ ಹ್ಯಾಂಡಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ. ಇಳಿಜಾರಿನಲ್ಲಿ ಯಾವುದೋ ಹಾಡು ನಡೆದಿತ್ತು.

“ಹೆಣ್ಣು ಕೂಸ್ರಿ ಸರ್. ಮುಂಜಾನಿಂದ ಇದಾ ಹಾಡು ಹಚ್ಚೀನಿ. ತಿರುಗಿ ತಿರುಗಿ ಇದಾ. ಇದಕ್ಕ ಏನಂತಾರ್ರಿ?”

ಬಸವಂತ್ರಾಯ ಆ ಹೊತ್ತು ಬೇರೇನೋ ಯೋಚಿಸುತ್ತಿದ್ದ. ಎದುರಿಗೆ ಒಂದು ಗೋದಾಮಿನ ಗೋಡೆ ಬಂತು. ಊದಿನಕಡ್ಡಿಯ ಜಾಹೀರಾತನ್ನು ನೀಲಿ ಅಕ್ಷರಗಳಲ್ಲಿ ಬರೆದಿದ್ದರು.

“ಶುದ್ಧ ಪರಿಮಳ,” ಎಂದ.

ಸ್ವಲ್ಪ ದಿನಕ್ಕೆ ಭೀಮರಾಯ ತೊಟ್ಟಿಲಿಗೆ ಕರೆಯಲು ಬಂದ. “ನಮ್ಮವ್ವ ಪಂಚಶೀಲಾ ಇಡು ಅಂದ್ಳ್ರಿ. ನಾನಾ ಕೇಳಲಿಲ್ಲ. ಶುದ್ಧ ಅಂತ ಸೇರಿಸಿದ್ರ ಮಂದಿ ನಗ್ತಾರ, ಬರೀ ಪರಿಮಳಾ ಅಂತ ಇಡಾಕತ್ತೇವಿ.”

ನಿಜ ಹೇಳಬಹುದಾಗಿತ್ತು. ಬಸವಂತ್ರಾಯ ಹೋದ, ಹುಗ್ಗಿ ಉಂಡ. ಸರ್ ಹೇಳಿದ ರಾಗದ ಹೆಸರು ಎಂದು ಭೀಮರಾಯ ಬಂದವರಿಗೆಲ್ಲ ಹೇಳುವಾಗ ತಲೆ ಬಗ್ಗಿಸಿ ತಟ್ಟೆಯ ಅಂಚು ಬಳಿದ. ಮುಂದೆ ಆ ಗೋಡೆಗೆ ಸಿಮೆಂಟಿನ ಜಾಹೀರಾತು ಬಳಿದಾಗ ಅವನಿಗೆ ಬಹಳ ಹಗುರವಾಯಿತು.

ಮೋಟರ್ ಸೈಕಲ್ ಕೊಂಡು, ಆಮೇಲೆ ಶಹಾಪುರದಲ್ಲಿ ಮನೆ ಮಾಡಿದ. ಭೀಮರಾಯ ಕ್ಯಾಸೆಟ್ಟಿನ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದ; ಎದುರಿಗೆ ಸಿಕ್ಕಾಗಲೆಲ್ಲ ಹಾಡಿನ ದನಿ ಏರಿಸಿ ಕೈ ಎತ್ತುತ್ತಿದ್ದ. ಬಸವಂತ್ರಾಯ ಹೆಲ್ಮೆಟ್ಟಿನೊಳಗಿಂದ ತಲೆದೂಗಿ ಮುಂದೆ ಹೋಗುತ್ತಿದ್ದ. ಆ ಹುಡುಗಿ ಅವನ ಹೈಸ್ಕೂಲಿಗೇ ಬಂದು ಸೇರಿದ ಮೇಲೆ ಹಾಜರಿಯಲ್ಲಿ ಅವಳ ಹೆಸರನ್ನು ಮಾತ್ರ ಅವಸರದಲ್ಲಿ ಕೂಗಿ ಮುಗಿಸುತ್ತಿದ್ದ.

* * *

ಈಗ ಪೆನ್‌ಡ್ರೈವ್ ತಂದುಕೊಟ್ಟವಳು ಅವಳೇ, ಪರಿಮಳಾ. ಪಿಯುಸಿ ಹುಡುಗಿ. ಬಿಳಿ ಚೂಡಿದಾರ ಹಾಕಿದ್ದಳು. ಟಂಟಂನ ಮರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

“ಸರ್, ಒಂಬತ್ತನೇದಾಗ ಇದ್ದಾಗ ನಾ ಮೊಬೈಲದಾಗ ಹುಡುಕಿದ್ದೆರಿ. ಅಂಥ ಹೆಸರಿನ ರಾಗ ಇಲ್ರಿ.”

ಬಸವಂತ್ರಾಯ ಕೈಯಲ್ಲಿದ್ದ ಹಾರವನ್ನು ನೋಡಿದ. ಅದನ್ನು ಇನ್ನೂ ಹಾಕಿರಲಿಲ್ಲ.

“ಅಪ್ಪಗ ಹೇಳಿದ್ದಿಲ್ರಿ. ಅವ್ವಗೂ ಗೊತ್ತಿಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಹೆಸರು ಏನರ ಇರ್ಲಿ ಬಿಡ್ರಿ. ಹಾಡಂತೂ ಖರೇ ಅದಲ್ಲರಿ. ನಾ ಒಮ್ಮೆನೂ ಅದನ್ನ ಕೇಳಿಲ್ಲ. ನಾ ಗಾಡಿ ಹತ್ತಿದ್ರ ಅಪ್ಪ ಬಂದ್ ಮಾಡ್ತಿದ್ದ. ಗೆಳತೇರು ನಗ್ತಾರ ಅಂತ ನಾನಾ ಹೇಳಿದ್ದೆ.” ಅಪ್ಪನ ಕಡೆ ಒಮ್ಮೆ ನೋಡಿ, “ಯಾವ ಹಾಡು ಅಂತ ನಿಮಗ ಗೊತ್ತದಲ್ಲರಿ ಸರ್? ಈಗ ಒಮ್ಮೆ ಕೇಳಬೇಕಾಗ್ಯಾದ,” ಎಂದಳು.

“ಗೊತ್ತದ,” ಎಂದ ಬಸವಂತ್ರಾಯ.

ಬೋಲ್ಟು ಕಡೆಗೂ ಬಿಟ್ಟಿತು. ಸೀಟನ್ನು ಇಬ್ಬರು ಎತ್ತಿ ಗೋಡೆಗೆ ಆನಿಸಿದರು. ಖಾಲಿಯಾದ ಜಾಗದಲ್ಲಿ ಹುಲ್ಲು ಹಾಸಿ, ಮೇಲೆ ಚಾದರ ಹಾಸಿ, ಭೀಮರಾಯನನ್ನು ಮಲಗಿಸಿದರು. ಬಸವಂತ್ರಾಯ ಹಾರ ಹಾಕಿದ. ಯೂನುಸ ಹ್ಯಾಂಡಲ್ ಹಿಡಿದು ಕೂತು, ಪಕ್ಕದ ಜಾಗವನ್ನು ಕೈಯಿಂದ ಝಾಡಿಸಿ, “ಬರ್ರಿ ಸರ್, ಇಲ್ಲಿ ನಿಮ್ಮ ಬಿಟ್ಟು ಯಾರು ಕುಂಡ್ರಬೇಕು,” ಎಂದ.

ಬಸವಂತ್ರಾಯ ಕೂತು ಪೆನ್‌ಡ್ರೈವ್ ಸಿಗಿಸಿದ. ಓಣಿಯ ತುಂಬ ಮಂದಿ ಕಾಯುತ್ತ ನಿಂತಿದ್ದರು. ಜೈಭೀಮನೂ ಕೈಕಟ್ಟಿಕೊಂಡು ನಿಂತಿದ್ದ. ಮೊದಲನೆಯದರಲ್ಲಿ ಒಂದು ಗಂಡಸಿನ ದನಿ ಹೊಯ್ದಾಡುತ್ತಿತ್ತು. ಮುಂದಿನದಕ್ಕೆ ಹೋದ. ಅದರಲ್ಲಿ ಬರೀ ಸಿತಾರ. ಅದರ ಮುಂದಿನದರಲ್ಲಿ ಮತ್ತೊಂದು ಗಂಡಸಿನ ದನಿ. ಯಾವುದು ಕೇಳಿದರೂ ಹಿಂದೆ ಎಂದೋ ಕೇಳಿದ ಹಾಗೆಯೂ ಇತ್ತು, ಎಂದೂ ಕೇಳದ ಹಾಗೆಯೂ ಇತ್ತು. ಅಷ್ಟು ದಿನ ಪಕ್ಕದಲ್ಲಿ ಕೂತು ಬಂದವನು ಒಂದನ್ನೂ ಕಿವಿಗೊಟ್ಟು ಕೇಳಿರಲಿಲ್ಲ. ಇನ್ನೂ ತಡಮಾಡಿದರೆ ಮಂದಿಗೆ ತಿಳಿಯುತ್ತದೆ ಅನ್ನಿಸಿತು. ಮತ್ತೆ ಒತ್ತಿದ. ಒಬ್ಬ ಹೆಂಗಸಿನ ದನಿ ಮೆಲ್ಲಗೆ ಏಳುತ್ತಿತ್ತು.

“ಇದಾ,” ಎಂದು ಕೈ ಹಿಂದಕ್ಕೆ ತೆಗೆದುಕೊಂಡ.

ಗಂಡಸರು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿದರು. ಲಾಲಮ್ಮ ಮಗಳ ಭುಜ ಹಿಡಿದು ಸ್ಪೀಕರಿನ ಹತ್ತಿರ ತಂದಳು. “ಕೇಳ ನನ್ನವ್ವಾ. ನಿಮ್ಮಪ್ಪ ಹೇಳ್ತಿದ್ದನಲ್ಲ, ಇದಾ. ಇದಾ ನೀನು,” ಎಂದು ಅಳತೊಡಗಿದಳು.

“ಇದಲ್ರಿ,” ಎಂದಿತು ಹಿಂದಿನಿಂದ ಒಂದು ದನಿ.

ಖಾಸಿಂಬೀ ಮುಂದೆ ಬಂದಳು. ಈಗ ಅವಳ ಬೆನ್ನು ಬಾಗಿತ್ತು. “ಇದು ಹೆಂಗಸಿನ ದನಿ ಅದ. ಮಗಳ ಹಾಡು, ಮಗಳ ಹಾಡು ಅಂತ ಅಂವ ಇಳಿಜಾರಿನ್ಯಾಗ ಗಾಡಿ ಬಂದ್ ಮಾಡಿ ಹಚ್ತಿದ್ದದ್ದು ಗಂಡಸಿಂದು, ಮುದುಕಂದು. ನಡುವ ಒಮ್ಮೆ ಕೆಮ್ಮತಾನ. ದಿನಾ ಕೇಳೀನಲ್ಲ ನಾ, ಬೈಕೋತ ಬೈಕೋತ.”

“ಏ ಸುಮ್ಕಿರ ಖಾಸಿಂಬೀ,” ಎಂದ ಯಾರೋ. “ಕಾಯಿಪಲ್ಯಾ ಮಾರಾಕಿಗಿ ಗೊತ್ತು, ಸರ್‌ಗೆ ಗೊತ್ತಿಲ್ಲೇನು?”

“ಜರಾ ಮರ್ಯಾದಿ ಇಟ್ಕೋ ಮುದುಕಿ. ಮಯ್ಯತ್ ಅದ, ಸತ್ತ ಮನಿ,” ಎಂದ ಯೂನುಸನೂ.

ಖಾಸಿಂಬೀ ನೇರವಾಗಿ ಬಸವಂತ್ರಾಯನನ್ನು ನೋಡಿದಳು. ಲಾಲಮ್ಮನೂ ಅಳು ನಿಲ್ಲಿಸಿ ನೋಡಿದಳು. ಆ ಕಡೆಯಿಂದ ಹುಡುಗಿ ನೋಡುತ್ತಿದ್ದಳು. ಪೆನ್‌ಡ್ರೈವ್ ಕೈಯಳತೆಯಲ್ಲೇ ಇತ್ತು. ಮುದುಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹಚ್ಚಿ ಕೇಳಿಸಿದರೆ ಮುಗಿದುಹೋಗುತ್ತಿತ್ತು.

“ಇದಾ ಅದ ಖಾಸಿಂಬೀ,” ಎಂದ. ತರಗತಿಯಲ್ಲಿ ಹೇಳುವ ದನಿಯಲ್ಲಿ.

“ಹಂಗಾರ ನಂದಾ ತಪ್ಪಿರಬೇಕ್ರಿ,” ಎಂದಳು ಅವಳು. “ವಯಸ್ಸಾತು. ಮಾಫ್ ಮಾಡ್ರಿ ಸರ್.” ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೆಂಗಸರ ಗುಂಪಿನ ಹಿಂದೆ ಸರಿದಳು.

ಯೂನುಸ ಎಂಜಿನ್ ಶುರುಮಾಡಲಿಲ್ಲ. ಹಾಡು ಕೇಳಿಸಲೆಂದು ಹುಡುಗರು ಹಿಂದಿನಿಂದ ನೂಕಿದರು. ಟಂಟಂ ಓಣಿಯ ಕಲ್ಲುಗಳ ಮೇಲೆ ತೂಗುತ್ತ ಹೊರಟಿತು. ಬಿಸಿಲು ಏರಿತ್ತು. ಬಸವಂತ್ರಾಯ ಎದುರಿನ ರಸ್ತೆಯನ್ನು ನೋಡಲಾಗದೆ ಕಣ್ಣೆತ್ತಿದ. ಮೇಲಿನ ಕನ್ನಡಿಯಲ್ಲಿ ಪರಿಮಳಾ ಕಂಡಳು. ಅಪ್ಪನ ಕಾಲ ಹತ್ತಿರ ಗಾಡಿಯ ಕಂಬಿ ಹಿಡಿದು ನಡೆಯುತ್ತಿದ್ದಳು. ಕಿವಿಯನ್ನು ಸ್ಪೀಕರಿಗೆ ಹತ್ತಿರ ಹಿಡಿದಿದ್ದಳು. ಕಣ್ಣು ಮುಚ್ಚಿದ್ದಳು. ತುಟಿಗಳು ಅಲುಗುತ್ತಿದ್ದವು. ಆ ಹೆಂಗಸಿನ ದನಿ ಹೋದಲ್ಲಿಗೆ ಹುಡುಗಿಯ ದನಿ ಹಿಂದೆ ಹಿಂದೆ ಹೋಗಿ ತಡವರಿಸಿತು, ನಿಂತಿತು, ಮತ್ತೆ ಹಿಡಿಯಿತು.

ಅದೇ ಸಾಲು ತಿರುಗಿ ಬಂದಾಗ ಅವಳು ತಪ್ಪಲಿಲ್ಲ.